ಡೆಲ್ಫ್ಟಿನಲ್ಲಿ ನೂರು ಯೂರೊ ಸೈಕಲ್ಲು

ನೆದರ್ಲೆಂಡ್ಸಿನ ಡೆಲ್ಫ್ಟಿನಲ್ಲಿ ಹಳೇ ಸೈಕಲ್ಲು ಜುಲೈಯಲ್ಲಿ ಅಗ್ಗ, ಆಗಸ್ಟ್ ಕೊನೆಗೆ ದುಬಾರಿ. ಓದು ಮುಗಿಸಿದ ವಿದೇಶಿ ವಿದ್ಯಾರ್ಥಿಗಳು ಜುಲೈಯಲ್ಲಿ ಕೋಣೆ ಖಾಲಿ ಮಾಡುವಾಗ ಕುಕ್ಕರು, ಹಾಸಿಗೆ, ಸೈಕಲ್ಲು ಎಲ್ಲವನ್ನೂ ಸಿಕ್ಕಷ್ಟಕ್ಕೆ ದಾಟಿಸಿ ವಿಮಾನ ಹತ್ತುತ್ತಾರೆ. ಆಗಸ್ಟಿನಲ್ಲಿ ಹೊಸಬರ ದಂಡು ಬಂದಿಳಿಯುತ್ತದೆ, ಎಲ್ಲರಿಗೂ ಒಂದೇ ವಾರದೊಳಗೆ ಸೈಕಲ್ಲು ಬೇಕು. ಅರವತ್ತು ಯೂರೊಗೆ ಹೋಗಬಹುದಾಗಿದ್ದ ಸೈಕಲ್ಲು ಆಗ ನೂರಿಪ್ಪತ್ತಾಗುತ್ತದೆ. ನಡುವೆ ಅದಕ್ಕೆ ಎಣ್ಣೆಯನ್ನೂ ಯಾರೂ ಬಿಟ್ಟಿರುವುದಿಲ್ಲ.

2024ರ ಆಗಸ್ಟ್ ಕಡೆಯ ವಾರ ಈ ಊರಿಗೆ ಬಂದಿಳಿದವರಲ್ಲಿ ತಿಪಟೂರು ಕಡೆಯ ಹುಡುಗಿಯೊಬ್ಬಳಿದ್ದಳು. ಬೆಂಗಳೂರಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಮುಗಿಸಿ, ನೀರಿನ ನಿರ್ವಹಣೆ ಓದಲು ಬಂದವಳು. ಸಮುದ್ರಮಟ್ಟಕ್ಕಿಂತ ಕೆಳಗಿರುವ ನೆಲವನ್ನು ಪಂಪು ಹಚ್ಚಿ ಒಣಗಿಸಿಕೊಂಡು ಬದುಕುವ ದೇಶದಲ್ಲಿ ನೀರಿನ ಪಾಠ ಕಲಿಯುವುದು ಸರಿಯಾದ ಆಯ್ಕೆಯೇ. 1842ರಲ್ಲಿ ದೊರೆ ಎರಡನೇ ವಿಲಿಯಂ ಶುರು ಮಾಡಿದ ಅಕಾಡೆಮಿ ಈಗ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯ, ಅವಳು ಸೇರಿದ್ದು ಅಲ್ಲಿಗೆ. ಅವಳಿಗೆ ಕೋಣೆ ಸಿಕ್ಕಿದ್ದು ಊರಿನ ದಕ್ಷಿಣದ ಟಾಂಟ್‌ಹೋಫ್ ಬಡಾವಣೆಯಲ್ಲಿ, ಕ್ಲಾಸು ನಡೆಯುವುದು ಸ್ಕೀ ಕಾಲುವೆಯ ಆಚೆ. ನಡೆದರೆ ಮುಕ್ಕಾಲು ಗಂಟೆಗೂ ಮೇಲೆ, ಬಸ್ಸಿಗೆ ಹೋಗಿ ಬರಲು ಹೆಚ್ಚೂಕಡಿಮೆ ನಾಲ್ಕು ಯೂರೊ. ಆಗ ಯೂರೊ ಎಂದರೆ ಸುಮಾರು 92 ರೂಪಾಯಿ. ತಿಂಗಳ ಬಸ್ ಚಾರ್ಜಿನಲ್ಲಿ ಒಂದು ಸೈಕಲ್ಲೇ ಬರುತ್ತದೆ ಎಂಬ ಲೆಕ್ಕ ಎರಡನೇ ದಿನಕ್ಕೇ ಸಿಕ್ಕಿತು. ಎಲ್ಲ ಸೇರಿ ನೂರು ಯೂರೊ ಮೀರಬಾರದು ಎಂದು ತೀರ್ಮಾನಿಸಿದಳು.

ಸೈಕಲ್ಲು ಅವಳಿಗೆ ಹೊಸದಲ್ಲ. ಕರ್ನಾಟಕದಲ್ಲಿ 2006–07ರಲ್ಲಿ ಶುರುವಾದ ಉಚಿತ ಸೈಕಲ್ ಯೋಜನೆಯಲ್ಲಿ ಎಂಟನೇ ಕ್ಲಾಸಿಗೆ ಅವಳಿಗೂ ಒಂದು ಬಂದಿತ್ತು. ಎಸ್ಸೆಸ್ಸೆಲ್ಸಿವರೆಗೆ ತುಳಿದಳು. ಪಿಯುಸಿಗೆ ಬಸ್ ಪಾಸು, ಡಿಗ್ರಿ ಹೊತ್ತಿಗೆ ಮನೆಗೆ ಸ್ಕೂಟಿ. ಆ ಸೈಕಲ್ಲು ಹಿತ್ತಲಲ್ಲಿ ತೆಂಗಿನ ಮಟ್ಟೆ ಒರಗಿಸುವ ಕಂಬವಾಯಿತು. ನಮ್ಮ ಕಡೆ ಬಹುಪಾಲು ಸೈಕಲ್ಲುಗಳ ಆಯುಷ್ಯ ಇಷ್ಟೇ: ಬಡತನದಲ್ಲೋ ಬಾಲ್ಯದಲ್ಲೋ ಹತ್ತುವುದು, ಚೂರು ಅನುಕೂಲವಾದ ಕೂಡಲೇ ಇಳಿಯುವುದು. ಹೀಗಾಗಿ ಸ್ವಂತ ದುಡ್ಡಿನಲ್ಲಿ ಸೈಕಲ್ ಕೊಳ್ಳುವ ಪ್ರಸಂಗವೇ ಅವಳಿಗೆ ಈವರೆಗೆ ಬಂದಿರಲಿಲ್ಲ.

ಫೋನಿನಲ್ಲಿ ಅಪ್ಪನಿಗೂ ಇದೇ ಗೊಂದಲ.

“ಅಲ್ಲ ಕಣವ್ವ, ಊರಲ್ಲಿ ಸ್ಕೂಟಿ ಇತ್ತು. ಅಷ್ಟು ಸಾಲ ಮಾಡ್ಕೊಂಡು ಅಲ್ಲಿಗೋಗಿ ಸೈಕ್ಲಾ?”

“ಅಪ್ಪಾಜಿ, ಇಲ್ಲಿ ಪ್ರಧಾನಮಂತ್ರೀನೇ ಸೈಕಲ್ಲಲ್ಲಿ ಹೋಗೋರು.”

ಉತ್ಪ್ರೇಕ್ಷೆ ಇರಲಿಲ್ಲ. ಸುಮಾರು ಹದಿನಾಲ್ಕು ವರ್ಷ ಆಳಿದ ಮಾರ್ಕ್ ರುಟ್ಟೆ, 2024ರ ಜುಲೈ 2ರಂದು ಅಧಿಕಾರ ಬಿಟ್ಟುಕೊಟ್ಟು ಕಚೇರಿಯಿಂದ ಹೊರಬಂದು ಸೈಕಲ್ ಹತ್ತಿ ಹೊರಟ ದೃಶ್ಯವನ್ನು ಜಗತ್ತೇ ನೋಡಿತ್ತು. 2017ರ ಜೂನ್‌ನಲ್ಲಿ ಭಾರತದ ಪ್ರಧಾನಿ ನೆದರ್ಲೆಂಡ್ಸಿಗೆ ಹೋದಾಗ ಇದೇ ರುಟ್ಟೆ ಉಡುಗೊರೆಯಾಗಿ ಕೊಟ್ಟದ್ದೂ ಒಂದು ಸೈಕಲ್ಲು. ಮಗಳು ಆ ಫೋಟೊ ಕಳಿಸಿದ ಮೇಲೆ ಅಪ್ಪ ಸ್ವಲ್ಪ ಮೆತ್ತಗಾದರು. ಆದರೂ “ಹೊಸದೇ ತಗೊ” ಎಂದರು.

ಹೊಸದು ಆಗದ ಮಾತು. 1892ರಲ್ಲಿ ಡೀರನ್ ಊರಿನಲ್ಲಿ ಶುರುವಾದ ಗಝೆಲ್, 1904ರಲ್ಲಿ ಹೀರನ್‌ವೇನಿನಲ್ಲಿ ಹುಟ್ಟಿದ ಬಟಾವಸ್, ಇಂಥ ಹೆಸರುವಾಸಿ ಕಂಪನಿಗಳ ಸಾದಾ ಸೈಕಲ್ಲಿಗೂ ನೂರಾರು ಯೂರೊ ಎಣಿಸಬೇಕು. ಬಾಡಿಗೆಗೆ ಸಿಗುತ್ತದೆ. ರೈಲ್ವೆಯವರ ಹಳದಿ-ನೀಲಿ ಸೈಕಲ್ಲುಗಳು ಸ್ಟೇಷನ್‌ಗಳಲ್ಲಿ ದಿನದ ಲೆಕ್ಕಕ್ಕೆ ಸಿಗುತ್ತವೆ, ಆದರೆ ಅವು ರೈಲಿಳಿದವರಿಗೆ ಅನುಕೂಲವೇ ಹೊರತು ದಿನಾ ಕ್ಲಾಸಿಗೆ ಹೋಗುವವರಿಗಲ್ಲ. ಇನ್ನೊಂದು ದಾರಿ ತಿಂಗಳ ಚಂದಾ. 2014ರಲ್ಲಿ ಇದೇ ಡೆಲ್ಫ್ಟಿನ ವಿದ್ಯಾರ್ಥಿಗಳು ಹುಟ್ಟುಹಾಕಿದ ಸ್ವಾಪ್‌ಫೀಟ್ಸ್ ಎಂಬ ಕಂಪನಿಯ ಸೈಕಲ್ಲುಗಳನ್ನು ಮುಂದಿನ ನೀಲಿ ಟೈರಿನಿಂದ ಊರೆಲ್ಲ ಗುರುತಿಸುತ್ತದೆ. ತಿಂಗಳಿಗೆ ಸುಮಾರು ಇಪ್ಪತ್ತು ಯೂರೊ ಕಟ್ಟಿದರೆ ಸೈಕಲ್ಲು ನಿಮ್ಮ ಬಳಿ, ಕೆಟ್ಟರೆ ರಿಪೇರಿ ಅವರದು. ಜಾಣ ಏರ್ಪಾಡು. ಕೆಲವೇ ತಿಂಗಳಿಗೆ ಬಂದವರಿಗೆ ಹೇಳಿ ಮಾಡಿಸಿದ್ದು. ಎರಡು ವರ್ಷಕ್ಕೆ ಗುಣಿಸಿ ನೋಡಿದರೆ ಮಾತ್ರ ಹೊಸ ಸೈಕಲ್ಲಿನ ಹತ್ತಿರಕ್ಕೆ ಹೋಗುತ್ತದೆ, ಕೊನೆಗೆ ಕೈಯಲ್ಲಿ ಒಂದು ಬೆಲ್ಲೂ ಉಳಿಯುವುದಿಲ್ಲ.

ಉಳಿದದ್ದು ಹಳೇದು. ಅಲ್ಲಿ ದಾರಿ ತೋರಿಸಿದವಳು ಹುಬ್ಬಳ್ಳಿಯ ಅಕ್ಕ, ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಸೀನಿಯರ್.

“ಇಲ್ಲೆ ಕೇಳ ತಂಗಿ. ಸೈಕಲ್ ಹಳೇದಿದ್ರೂ ನಡೀತದ, ಕೀಲಿ ಮಾತ್ರ ಹೊಸಾದು ಇರ್ಬೇಕು. ರಾತ್ರಿ ದಾರ್ಯಾಗ ನಿಂತು ಇಪ್ಪತ್ತು ಯೂರೊಕ್ಕ ಕೊಡ್ತೀನಿ ಅಂದ್ರ ತಿರುಗಿ ನೋಡದ ಬಂದುಬಿಡು. ಅದು ಯಾರದೋ ಕದ್ದ ಮಾಲು.”

ಅವಳು ಹೆದರಿಸಲು ಹೇಳಿದ್ದಲ್ಲ. ಸುಮಾರು 1.8 ಕೋಟಿ ಜನರಿರುವ ಈ ದೇಶದಲ್ಲಿ ಸೈಕಲ್ಲುಗಳ ಸಂಖ್ಯೆ ಜನಸಂಖ್ಯೆಗಿಂತ ಹೆಚ್ಚು. ಇಷ್ಟಿರುವಲ್ಲಿ ಕಳ್ಳತನವೂ ಒಂದು ಕಸುಬು. ಪೊಲೀಸರ ದಾಖಲೆಗೆ ಬರುವುದೇ ವರ್ಷಕ್ಕೆ ಹತ್ತಾರು ಸಾವಿರ, ದೂರು ಕೊಡದೆ ಸುಮ್ಮನಾಗುವವರು ಬೇರೆ. ಕದ್ದದ್ದೆಂದು ಅನುಮಾನ ಬರಬೇಕಿದ್ದ ಅಗ್ಗದ ಮಾಲು ಕೊಂಡರೆ ಕೊಂಡವರ ಮೇಲೂ ಕೇಸು ಬೀಳುವ ಕಾನೂನಿದೆ. ಹಾಗಾಗಿ ಬುದ್ಧಿವಂತರು ಮೊದಲು ನೋಡುವುದು ಫ್ರೇಮಿನ ಮೇಲೆ ಕೆತ್ತಿದ ನಂಬರು. ವಾಹನ ನೋಂದಣಿ ಇಲಾಖೆಯ ಕಳವು ಪಟ್ಟಿಯಲ್ಲಿ ಆ ನಂಬರು ಹಾಕಿದರೆ, ಯಾರಾದರೂ ದೂರು ಕೊಟ್ಟಿದ್ದರೆ ಗೊತ್ತಾಗುತ್ತದೆ. ನಂಬರು ಉಜ್ಜಿ ಅಳಿಸಿದ್ದರೆ ಪಟ್ಟಿ ನೋಡುವ ಅಗತ್ಯವೂ ಇಲ್ಲ. ಕದ್ದವರಿಗೂ ಬೇಡವಾದ ಸೈಕಲ್ಲುಗಳು ನೀರಿಗೆ ಬೀಳುತ್ತವೆ. ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳಿಂದ ಕೊಕ್ಕೆ ಹಾಕಿ ಮೇಲೆತ್ತುವ ಸೈಕಲ್ಲುಗಳ ಸಂಖ್ಯೆ ವರ್ಷಕ್ಕೆ ಹನ್ನೆರಡರಿಂದ ಹದಿನೈದು ಸಾವಿರ. ಅದಕ್ಕೆಂದೇ ಕ್ರೇನು ಹೊತ್ತ ದೋಣಿಗಳಿವೆ.

ಮೊದಲು ನೋಡಲು ಹೋದದ್ದು ಹಳೇ ಮಾದರಿಯ ಕಪ್ಪು ಲೇಡೀಸ್ ಸೈಕಲ್ಲು. ಎತ್ತರದ ಹ್ಯಾಂಡಲ್ಲು, ಬೆನ್ನು ನೆಟ್ಟಗೆ ಕೂರುವ ಸೀಟು, ಇಡೀ ಚೈನು ಮುಚ್ಚುವ ಕವರು, ಹಿಂದೆ ಗಟ್ಟಿ ಕ್ಯಾರಿಯರು. ಹಾಲೆಂಡಿನ ಪೋಸ್ಟ್ ಕಾರ್ಡುಗಳಲ್ಲಿ ಕಾಲುವೆ ಸೇತುವೆಗೆ ಒರಗಿ ನಿಂತಿರುತ್ತದಲ್ಲ, ಅದೇ. ಬಗ್ಗಿ ನೋಡಿದರೆ ಟೈರಿನ ಮೇಲೆ 28 x 1½ ಎಂದು ಅಚ್ಚಾಗಿತ್ತು. ಅವಳ ತಾತನ ಸೈಕಲ್ಲಿನ ಟೈರೂ ಅದೇ ಅಳತೆ.

ಇದು ಕಾಕತಾಳೀಯವಲ್ಲ. ಇಂಗ್ಲೆಂಡಿನಲ್ಲಿ ರೂಪುಗೊಂಡ, ನಾಟಿಂಗ್‌ಹ್ಯಾಂನ ರ‍್ಯಾಲೆಯಂಥ ಕಂಪನಿಗಳು ಊರೂರಿಗೆ ಮುಟ್ಟಿಸಿದ ಗಟ್ಟಿಮುಟ್ಟು ಸೈಕಲ್ಲಿನ ವಂಶವೊಂದು ಡಚ್ಚರ ನಾಡಿಗೂ ಬಂತು, ಭಾರತಕ್ಕೂ ಬಂತು. ಸ್ವಾತಂತ್ರ್ಯ ಬಂದ ಮೇಲೆ ಆಸನ್‌ಸೋಲ್‌ನ ಸೆನ್-ರ‍್ಯಾಲೆ, ಮದ್ರಾಸಿನ ಟಿ.ಐ. ಸೈಕಲ್ಸ್, ಆಮೇಲೆ ಲೂಧಿಯಾನದ ಹೀರೊ ಅದನ್ನೇ ಲಕ್ಷಗಟ್ಟಲೆ ಹೊರತಂದವು. 635 ಮಿಲಿಮೀಟರ್ ವ್ಯಾಸದ ಆ ರಿಮ್ಮು ಎರಡೂ ಕಡೆ ಇನ್ನೂ ಬದುಕಿದೆ. ನಮ್ಮ ಹಳ್ಳಿಗಳಲ್ಲಿ ಅದರ ಮೇಲೆ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಬಾಳೆಗೊನೆ ಸಾಗಿದವು. ಡೆಲ್ಫ್ಟಿನಲ್ಲಿ ಪ್ರೊಫೆಸರೂ ಅವರ ಚೀಲವೂ ಸಾಗುತ್ತಾರೆ. ವಾಲ್ವೂ ಅದೇ. ಅಮೆರಿಕದ ಕಡೆ ಅಪರೂಪವಾದ ಡನ್‌ಲಪ್ ಮಾದರಿಯ ವಾಲ್ವು ಇಲ್ಲಿನ ಸಾದಾ ಸೈಕಲ್ಲುಗಳಲ್ಲಿ ಮಾಮೂಲು. ಹೊಸ ದೇಶದ ಸೈಕಲ್ ಅಂಗಡಿಯಲ್ಲಿ ಅವಳಿಗೆ ಹೆಸರು ಬಾರದ ಸಾಮಾನುಗಳು ಹಲವಿದ್ದವು, ಕೈಗೆ ಪರಿಚಯವಿಲ್ಲದವು ಕಡಿಮೆ.

ಪರಿಚಯವೇನೋ ಸರಿ, ಕಾಲು ನೆಲಕ್ಕೆ ಎಟುಕಬೇಕಲ್ಲ! ಡಚ್ಚರು ಜಗತ್ತಿನಲ್ಲೇ ಅತಿ ಎತ್ತರದ ಜನ. ಗಂಡಸರ ಸರಾಸರಿ ಎತ್ತರ 183 ಸೆಂಟಿಮೀಟರ್ ಆಸುಪಾಸು, ಹೆಂಗಸರದು 170. ಇವಳು ಐದಡಿ ಒಂದಿಂಚು. ಸೀಟನ್ನು ಪೂರ್ತಿ ಕೆಳಗಿಳಿಸಿದರೂ ತುದಿಗಾಲು ಮಾತ್ರ ಸೋಕುತ್ತಿತ್ತು. ಏಳನೇ ಕ್ಲಾಸಿನಲ್ಲಿ ತಾತನ ಸೈಕಲ್ಲನ್ನು ಒಳಪೆಡ್ಲು ಹೊಡೆದು ಕಲಿತವಳು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಮತ್ತೆ ಅದೇ ಸಂಕಟಕ್ಕೆ ಬಂದಿದ್ದಳು. ಇಲ್ಲಿ ಒಳಪೆಡ್ಲು ಹೊಡೆಯಲು ನಡುವೆ ಬಾರ್ ಕೂಡ ಇರಲಿಲ್ಲ.

ಕುಳ್ಳಗಿರುವುದರಿಂದ ಲಾಭವೂ ಆಯಿತು. ಈ ದೇಶದ ಮಕ್ಕಳು ಹನ್ನೆರಡು ಹದಿಮೂರಕ್ಕೆ ಇಪ್ಪತ್ತಾರು ಇಂಚಿನ ಚಕ್ರದ ಸೈಕಲ್ ತುಳಿಯುತ್ತಾರೆ, ಎರಡು ವರ್ಷದಲ್ಲಿ ಅದನ್ನು ಮೀರಿ ಬೆಳೆಯುತ್ತಾರೆ. ಮನೆಮನೆಯ ಶೆಡ್ಡಿನಲ್ಲಿ ಅಂಥ ಸೈಕಲ್ಲುಗಳು ಬಿದ್ದಿರುತ್ತವೆ, ದೊಡ್ಡವರ್‍ಯಾರೂ ಕೊಳ್ಳುವುದಿಲ್ಲ. ಹಳೇ ಸಾಮಾನು ಮಾರುವ ಮಾರ್ಕ್ಟ್‌ಪ್ಲಾಟ್ಸ್ ತಾಣದಲ್ಲಿ ಆ ಅಳತೆ ಹಾಕಿ ಹುಡುಕಿದಾಗ ಟಾಂಟ್‌ಹೋಫಿನಲ್ಲೇ, ಎರಡು ಬೀದಿ ಆಚೆ, ಒಬ್ಬ ತಾಯಿ ತನ್ನ ಮಗಳ ಹಸಿರು ಸೈಕಲ್ಲಿಗೆ ಎಪ್ಪತ್ತೈದು ಯೂರೊ ಹೇಳಿದ್ದು ಸಿಕ್ಕಿತು.

ಹುಬ್ಬಳ್ಳಿಯ ಅಕ್ಕನ ಪರೀಕ್ಷೆ ಗಟ್ಟಿಯಾಗಿತ್ತು. ಹಿಂದಿನ ಚಕ್ರ ಎತ್ತಿ ತಿರುಗಿಸಿ ರಿಮ್ಮು ಬೆಂಡಾಗಿದೆಯೇ ನೋಡಿದಳು. ಕಡ್ಡಿಗಳನ್ನು ಎರಡೆರಡಾಗಿ ಹಿಸುಕಿ, ಸಡಿಲವಿದ್ದದ್ದನ್ನು ಪತ್ತೆ ಮಾಡಿದಳು. ಪೆಡಲಿನ ತೋಳು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದಳು, ಅಲ್ಲಿ ಆಟವಿದ್ದರೆ ಒಳಗಿನ ಬೇರಿಂಗು ಹೋಗಿದೆಯೆಂದು ಅರ್ಥ, ರಿಪೇರಿಗೆ ಸೈಕಲ್ಲಿನಷ್ಟೇ ಖರ್ಚು. ಟೈರಿನ ಪಕ್ಕದಲ್ಲಿ ಬಿರುಕು ಹುಡುಕಿದಳು. ಬಣ್ಣ ಹೋದದ್ದನ್ನೂ ಮಡ್‌ಗಾರ್ಡು ನಜ್ಜಿದ್ದನ್ನೂ ಕಣ್ಣೆತ್ತಿಯೂ ನೋಡಲಿಲ್ಲ. ನೋಡಲು ಚೆನ್ನಾಗಿಲ್ಲದಿರುವುದು ಇಲ್ಲಿ ಒಂದು ರಕ್ಷಣೆ, ಕಳ್ಳನ ಕಣ್ಣೂ ಪಕ್ಕದ ಹೊಸ ಸೈಕಲ್ಲಿನ ಮೇಲೇ ಬೀಳುತ್ತದೆ. ಮುಂದಿನ ದೀಪ ಉರಿಯುತ್ತಿಲ್ಲ ಎಂದು ತೋರಿಸಿ ಅರವತ್ತೈದಕ್ಕೆ ಮುಗಿಸಿದರು. ಆ ತಾಯಿ ಒಳಗೆ ಹೋಗಿ ಒಂದು ಹಳೇ ಪಂಪನ್ನೂ ತಂದುಕೊಟ್ಟಳು.

ಉಳಿದ ಮೂವತ್ತೈದು ಯೂರೊ ಎಲ್ಲಿ ಹೋಯಿತು ಎನ್ನುವುದೇ ಹೊಸಬರು ಗಮನಿಸಬೇಕಾದ ಲೆಕ್ಕ. ಹಿಂದಿನ ಚಕ್ರಕ್ಕೆ ಅಡ್ಡ ಬೀಳುವ ಬೀಗ ಸೈಕಲ್ಲಿಗೇ ಇರುತ್ತದೆ, ಅದು ಸಾಲದು. ಸೈಕಲ್ಲನ್ನೇ ಹೊತ್ತೊಯ್ಯದಂತೆ ಕಂಬಕ್ಕೋ ಸ್ಟ್ಯಾಂಡಿಗೋ ಕಟ್ಟಿಹಾಕುವ ದಪ್ಪ ಚೈನು ಬೇಕು. ಬೀಗಗಳ ಗಟ್ಟಿತನಕ್ಕೆ ನಕ್ಷತ್ರದ ಗುರುತು ಕೊಡುವ ಸಂಸ್ಥೆಯೇ ಇದೆ, ಸೈಕಲ್ಲಿಗೆ ಎರಡು ನಕ್ಷತ್ರವಿದ್ದರೆ ವಿಮೆಯವರೂ ಒಪ್ಪುತ್ತಾರೆ. ಇರುವುದರಲ್ಲಿ ಬಹುಪಾಲು ಆ ಚೈನೇ ನುಂಗಿತು. ಮಿಕ್ಕ ಚಿಲ್ಲರೆಗೆ ದೀಪ. ಮುಂದೆ ಬಿಳಿ ಅಥವಾ ಹಳದಿ, ಹಿಂದೆ ಕೆಂಪು. ಮಿಣುಕಬಾರದು, ಒಂದೇ ಸಮ ಉರಿಯಬೇಕು. ಸೈಕಲ್ಲಿಗೇ ಕಟ್ಟಬೇಕೆಂದಿಲ್ಲ, ಕೋಟಿನ ಎದೆಗೂ ಬೆನ್ನಿಗೂ ಸಿಕ್ಕಿಸಿಕೊಳ್ಳಬಹುದು. ಚಳಿಗಾಲ ಹತ್ತಿರವಾಗಿ ಸಂಜೆ ಐದಕ್ಕೇ ಕತ್ತಲಾಗುವಾಗ ಪೊಲೀಸರು ಚೌಕದಲ್ಲಿ ನಿಂತು ದೀಪವಿಲ್ಲದವರನ್ನು ಹಿಡಿದು ದಂಡ ಹಾಕುತ್ತಾರೆ. ಆ ದಂಡದಲ್ಲಿ ಹೆಚ್ಚೂಕಡಿಮೆ ಇವಳದರಂಥ ಇನ್ನೊಂದು ಸೈಕಲ್ಲು ಬರುತ್ತಿತ್ತು. ಕೈಯಲ್ಲಿ ಮೊಬೈಲ್ ಹಿಡಿದು ತುಳಿಯುವುದಂತೂ 2019ರ ಜುಲೈಯಿಂದ ಅಪರಾಧ.

ಹತ್ತಿ ಹೊರಟಾಗ ಕಾಡಿದ್ದು ಬ್ರೇಕು. ಹ್ಯಾಂಡಲ್ಲಿನಲ್ಲಿ ಹಿಂದಿನ ಬ್ರೇಕಿನ ಹಿಡಿಯೇ ಇಲ್ಲ. ಪೆಡಲನ್ನು ಹಿಮ್ಮುಖವಾಗಿ ಒತ್ತಿದರೆ ಹಿಂದಿನ ಚಕ್ರದ ಗುಂಭದೊಳಗೆ ಬ್ರೇಕಿನ ಪಟ್ಟಿಗಳು ಅಗಲಗೊಂಡು ಗೋಡೆಗೆ ಒತ್ತಿ ಗಾಡಿ ನಿಲ್ಲುತ್ತದೆ. ಎಲ್ಲವೂ ಒಳಗೇ ಇರುವುದರಿಂದ ಮಳೆ ನೀರು ಸೋಕದು, ತಂತಿ ತುಂಡಾಗದು, ವರ್ಷಗಟ್ಟಲೆ ಕೈ ಹಚ್ಚಬೇಕಿಲ್ಲ. ಯಾವಾಗ ನೋಡಿದರೂ ತೊಟ್ಟಿಕ್ಕುವ ದೇಶಕ್ಕೆ, ಕಾಸು ಕಡಿಮೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಆದರೆ ನಮ್ಮ ಕಡೆಯವರ ಕಾಲಿಗೆ ಬೇರೆಯೇ ಅಭ್ಯಾಸ: ನಿಂತಲ್ಲಿ ಪೆಡಲು ಹಿಂದಕ್ಕೆ ತಿರುಗಿಸಿ ಸರಿಹೊಂದಿಸಿಕೊಳ್ಳುವುದು, ಓಡುವಾಗ ಸುಮ್ಮನೆ ಕಿಟಿಕಿಟಿ ಎಂದು ಹಿಂದೆ ಆಡಿಸುವುದು. ಇಲ್ಲಿ ಹಾಗೆ ಆಡಿಸಿದ ಕ್ಷಣ ಚಕ್ರ ಹಿಡಿದು ನಿಲ್ಲುತ್ತದೆ, ಹಿಂದಿನವರು ಬೆಲ್ಲು ಬಾರಿಸಿ ಪಕ್ಕದಿಂದ ಸರಿದುಹೋಗುತ್ತಾರೆ.

ಇನ್ನು ಎಡಬಲದ ಕಥೆ. ರಸ್ತೆಯ ಬಲಕ್ಕೆ ಹೋಗಬೇಕು ಎಂಬುದು ನೇರ ದಾರಿಯಲ್ಲಿ ನೆನಪಿರುತ್ತದೆ, ತಿರುವಿನಲ್ಲಿ ಮರೆಯುತ್ತದೆ. ಗುರುತಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. 2001ರ ಮೇ ತಿಂಗಳಿಂದ ಆ ಹಕ್ಕು ಸೈಕಲ್ಲಿನವರಿಗೂ ಇದೆ, ಬಲದಿಂದ ಹತ್ತು ವರ್ಷದ ಮಗು ಸೈಕಲ್ಲಲ್ಲಿ ಬಂದರೂ ಕಾರು ನಿಲ್ಲಬೇಕು. ನೆಲದ ಮೇಲೆ ಬಿಳಿ ತ್ರಿಕೋನಗಳ ಸಾಲಿದ್ದು ಅವುಗಳ ಚೂಪು ನಮ್ಮತ್ತ ಇದ್ದರೆ ದಾರಿ ಬಿಡಬೇಕಾದವರು ನಾವು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸ್ಕೂಟಿ ನುಗ್ಗಿಸಿ ಪಳಗಿದವಳಿಗೆ, ತನಗಾಗಿ ಕಾರೊಂದು ನಿಂತಾಗ ಮುಂದಕ್ಕೆ ಹೋಗಲು ಧೈರ್ಯ ಬರಲಿಲ್ಲ. ಅವಳು ನಿಂತಳು, ಕಾರೂ ನಿಂತೇ ಇತ್ತು. ಕೊನೆಗೆ ಚಾಲಕ ಕೈಬೀಸಿ ಹೋಗೆಂದ.

ಡಚ್ಚರು ಹುಟ್ಟಾ ಇಷ್ಟು ಸಜ್ಜನರು ಎಂದು ಹೊಗಳಿ ಬಿಡುವುದು ಪ್ರವಾಸಿಗಳ ರೂಢಿ. ನಡೆದದ್ದು ಬೇರೆ. ಎರಡನೇ ಮಹಾಯುದ್ಧ ಮುಗಿದು ಕೈಯಲ್ಲಿ ಕಾಸು ಆಡತೊಡಗಿದಾಗ ಇವರೂ ಕಾರು ಕೊಂಡರು, ಊರ ಚೌಕಗಳನ್ನು ಪಾರ್ಕಿಂಗ್ ಮಾಡಿದರು, ಸೈಕಲ್ಲನ್ನು ಹಳೇ ಕಾಲದ ಸಾಮಾನೆಂದು ಬದಿಗೆ ತಳ್ಳಿದರು. 1971ರ ಒಂದೇ ವರ್ಷ ರಸ್ತೆಗಳಲ್ಲಿ ಸತ್ತವರು ಸುಮಾರು 3,300 ಮಂದಿ, ಅದರಲ್ಲಿ ಮಕ್ಕಳೇ 400ಕ್ಕೂ ಹೆಚ್ಚು. ಮಗಳನ್ನು ಅಪಘಾತದಲ್ಲಿ ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗನ್‌ಹಾಫ್ ಬರೆದ ಲೇಖನದ ಹೆಸರನ್ನೇ ಇಟ್ಟುಕೊಂಡು, ಮಕ್ಕಳ ಕೊಲೆ ನಿಲ್ಲಿಸಿ ಎಂದು ಕೂಗುವ ಚಳವಳಿ ಎದ್ದಿತು. ತಾಯಂದಿರೂ ತಂದೆಯರೂ ಬೀದಿ ಅಡ್ಡಗಟ್ಟಿ ಕೂತರು. ಅದರ ಬೆನ್ನಿಗೇ 1973ರ ತೈಲ ಬಿಕ್ಕಟ್ಟು ಬಂದು, ನವೆಂಬರ್ 4ರ ಭಾನುವಾರದಿಂದ ಕೆಲ ವಾರ ಭಾನುವಾರಗಳಂದು ಕಾರೇ ಬಂದ್. ಹೆದ್ದಾರಿಯಲ್ಲಿ ಮಕ್ಕಳು ಸ್ಕೇಟಿಂಗ್ ಮಾಡಿದರು.

ಆಮೇಲಿನ ಕೆಲಸದಲ್ಲಿ ಡೆಲ್ಫ್ಟಿಗೆ ದೊಡ್ಡ ಪಾಲಿದೆ. ಹೇಗ್ ಮತ್ತು ಟಿಲ್‌ಬರ್ಗ್ ನಗರಗಳು ಎಪ್ಪತ್ತರ ದಶಕದಲ್ಲಿ ತಲಾ ಒಂದು ಅದ್ಧೂರಿ ಸೈಕಲ್ ದಾರಿ ಕಟ್ಟಿ ನೋಡಿದವು. ಆ ದಾರಿಗಳು ತುಂಬಿದವು, ಆದರೆ ಊರಿನಲ್ಲಿ ಒಟ್ಟು ಸೈಕಲ್ ತುಳಿಯುವವರು ನಿರೀಕ್ಷಿಸಿದಷ್ಟು ಹೆಚ್ಚಲಿಲ್ಲ. ಡೆಲ್ಫ್ಟಿನವರು ಎಂಬತ್ತರ ದಶಕದಲ್ಲಿ ಊರಿಗೆಲ್ಲ ಬಲೆ ಹೆಣೆದರು: ಊರನ್ನು ದಾಟುವ ದಾರಿಗಳು ನಾಲ್ಕೈದು ನೂರು ಮೀಟರಿಗೊಂದು, ಬಡಾವಣೆಯವು ಇನ್ನೂರು ಮುನ್ನೂರು ಮೀಟರಿಗೊಂದು, ಮನೆ ಬಾಗಿಲ ಓಣಿಗಳು ಅದಕ್ಕೂ ಹತ್ತಿರ. ಎಲ್ಲಿ ತುಂಡಾಗಿತ್ತೋ ಅಲ್ಲೊಂದು ಸಣ್ಣ ಸೇತುವೆ, ಇಲ್ಲೊಂದು ಸುರಂಗ. ನಮ್ಮ ನಗರಗಳಲ್ಲಿ ಅರ್ಧ ಕಿಲೋಮೀಟರ್ ಸೈಕಲ್ ಪಥಕ್ಕೆ ಬಣ್ಣ ಬಳಿದು ಫೋಟೊ ತೆಗೆಸಿಕೊಂಡು, ಯಾರೂ ಬಳಸುವುದಿಲ್ಲವೆಂದು ಆರು ತಿಂಗಳಿಗೆ ಅದರ ಮೇಲೆ ಕಾರು ನಿಲ್ಲಿಸುವವರು ಈ ಊರಿನ ನಕ್ಷೆ ನೋಡಬೇಕು. ಅರವತ್ತೈದು ಯೂರೊದ ಸೈಕಲ್ಲೊಂದು ಕೆಲಸಕ್ಕೆ ಬರುವುದು ಅದರ ಕೆಳಗೆ ಸರ್ಕಾರ ಸುರಿದ ಕೋಟಿಗಟ್ಟಲೆ ದುಡ್ಡಿನಿಂದ. ತಿಪಟೂರಿನಲ್ಲಿ ಸರ್ಕಾರ ಸೈಕಲ್ಲು ಕೊಟ್ಟಿತ್ತು. ಅದು ಓಡುವ ದಾರಿ ಮಾತ್ರ ಲಾರಿಗಳದಾಗಿಯೇ ಉಳಿಯಿತು, ಹಾಗಾಗಿ ಅಪ್ಪಂದಿರಿಗೆ ಸ್ಕೂಟಿ ಕೊಡಿಸದೆ ಬೇರೆ ದಾರಿಯಿರಲಿಲ್ಲ.

ಗುಡ್ಡವಿಲ್ಲದ ನಾಡು ಎಂದು ಅವಳು ಖುಷಿಪಟ್ಟಿದ್ದು ಅಕ್ಟೋಬರ್‌ವರೆಗೆ. ಆಮೇಲೆ ಗಾಳಿ ಬಂತು. ಸಮುದ್ರದ ಕಡೆಯಿಂದ ಬೀಸುವ ಗಾಳಿಗೆ ಎದುರಾಗಿ ಗೇರಿಲ್ಲದ ಸೈಕಲ್ಲು ತುಳಿದರೆ ಮುಂದೆ ಹೋಗುತ್ತಿದ್ದೇವೋ ನಿಂತಿದ್ದೇವೋ ತಿಳಿಯದು. ಇದನ್ನೂ ಪಂದ್ಯ ಮಾಡಿಕೊಂಡ ಜನ ಇವರು. ಝೀಲೆಂಡಿನ ಓಸ್ಟರ್‌ಸ್ಕೆಲ್ಡ ಬಿರುಗಾಳಿ ತಡೆಗೋಡೆಯ ಮೇಲೆ 2013ರಿಂದ ಎದುರುಗಾಳಿ ಸೈಕಲ್ ಚಾಂಪಿಯನ್‌ಷಿಪ್ ನಡೆಯುತ್ತದೆ: ಎಂಟೂವರೆ ಕಿಲೋಮೀಟರ್, ಗೇರಿಲ್ಲದ ನೆಟ್ಟಗಿನ ಸೈಕಲ್ಲು, ಬಿರುಗಾಳಿಯ ಮುನ್ಸೂಚನೆ ಬಂದಾಗಷ್ಟೇ ದಿನ ಗೊತ್ತು ಮಾಡುತ್ತಾರೆ. ಅವಳ ಎಂಟು ಮುಕ್ಕಾಲರ ಕ್ಲಾಸಿಗೆ ಅಂಥ ಬಹುಮಾನವೇನೂ ಇರಲಿಲ್ಲ.

ನವೆಂಬರ್‌ನಲ್ಲಿ ಹಿಂದಿನ ಟೈರು ಪಂಕ್ಚರ್ ಆಯಿತು. ಅಂಗಡಿಯಲ್ಲಿ ಹದಿನೆಂಟು ಯೂರೊ ಕೇಳಿದರು. ಸಾಮಾನಿನ ಬೆಲೆಯಲ್ಲ ಅದು, ಕೂಲಿ. ಈ ದೇಶದಲ್ಲಿ ಕೈಕೆಲಸಕ್ಕೆ ಬೆಲೆಯಿದೆ, ಅದು ಒಳ್ಳೆಯದೇ; ಅಗ್ಗದ ಸೈಕಲ್ಲಿನವರ ಪಾಲಿಗೆ ಮಾತ್ರ ಎರಡು ರಿಪೇರಿಯಲ್ಲಿ ಕೊಂಡ ಬೆಲೆಯ ಅರ್ಧ ಹೋಗುತ್ತದೆ. ಅದಕ್ಕೇ ಡಚ್ಚರ ಮಕ್ಕಳು ಪಂಕ್ಚರ್ ಹಾಕುವುದನ್ನು ಮನೆಯಲ್ಲೇ ಕಲಿತಿರುತ್ತಾರೆ. ಚೈನ್ ಕವರು, ಬ್ರೇಕಿನ ತೋಳು ಎಲ್ಲ ಬಿಚ್ಚುವುದು ರಗಳೆಯೆಂದು ಚಕ್ರ ಕಳಚುವುದೇ ಇಲ್ಲ, ಒಂದು ಪಕ್ಕದಿಂದ ಟೈರು ಎಬ್ಬಿಸಿ ಟ್ಯೂಬನ್ನು ಹೊರಗೆಳೆಯುತ್ತಾರೆ. ತಿಪಟೂರು ಬಸ್ ಸ್ಟ್ಯಾಂಡಿನ ಪಂಕ್ಚರ್ ಅಂಗಡಿಯಲ್ಲೂ ಮಾಡುವುದು ಹಾಗೇ.

ಎರಡು ಯೂರೊ ಒಳಗೆ ಸಿಕ್ಕ ಡಬ್ಬಿಯಲ್ಲಿ ತೇಪೆ, ಸಲ್ಯೂಷನ್ನು, ಉಪ್ಪುಕಾಗದ ಇದ್ದವು. ಬಚ್ಚಲಿನ ಬಕೆಟ್ಟಿನಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಹುಡುಕುವಾಗ ಅಪ್ಪ ವಿಡಿಯೊ ಕಾಲಿನಲ್ಲಿದ್ದರು.

“ಹಚ್ಚಿದ್ ತಕ್ಷಣ ಅಂಟಿಸ್ಬೇಡ ಕಣವ್ವ, ಸಲೂಷನ್ ಒಣಗ್ಲಿ. ಬೆರಳಿಗೆ ಅಂಟ್ಬಾರ್ದು, ಆಗ ಹಾಕು. ಎಷ್ಟು ಕೇಳ್ದ ಅಂದೆ ಅಂಗಡಿಯವ್ನು?”

“ಹದಿನೆಂಟು ಯೂರೊ. ಸಾವಿರದ ಆರ್‌ನೂರ್ ಚಿಲ್ಲರೆ.”

“ಒಂದು ಪಂಕ್ಚರ್‌ಗಾ? ಎಂಟೊಂಬತ್ತ್ ಪಂಕ್ಚರ್ ಹಾಕ್ಸಿದ್ರೆ ಒಂದ್ ಕ್ವಿಂಟಾಲ್ ಕೊಬ್ರಿ ಹೋಯ್ತಲ್ಲೇ!”

ಮಾರನೇ ವಾರ ಪಕ್ಕದ ಕೋಣೆಯ ಹುಡುಗ ಗಾಳಿ ಇಳಿದ ಸೈಕಲ್ಲು ತಳ್ಳಿಕೊಂಡು ಅವಳ ಬಾಗಿಲಿಗೆ ಬಂದ. ಅವಳು ಐದು ಯೂರೊ ಎಂದಳು. ಚೌಕಾಶಿ ಮಾಡದೆ ಕೊಟ್ಟ.